ವರ್ಬಲ್ 10 ಅಂಕ ಏರಿಕೆ ಗ್ಯಾರಂಟಿ ಅಂತಾರಲ್ಲ, ದುಡ್ಡು ಕಟ್ಟೋ ಮೊದಲು ಇದನ್ನೊಮ್ಮೆ ಓದಿ

ವಿದೇಶದಲ್ಲಿ ಮಾಸ್ಟರ್ಸ್ ಓದೋಕೆ ಅಂತ ಬರೆಯೋ ಜಿಆರ್‌ಇ ಪರೀಕ್ಷೆಯನ್ನ ಎರಡನೇ ಸಲ ಬರೆಯೋಕೆ ಹೊರಟಿರೋ ನಮ್ಮ ಕೊಡಗಿನ ಹುಡುಗ ಹುಡುಗಿಯರಿಗೆ ಇದು. ಕ್ವಾಂಟ್ ಅಂದ್ರೆ ಗಣಿತ ಹೇಗೋ ಆಗುತ್ತೆ, ವರ್ಬಲ್ ಅಂದ್ರೆ ಇಂಗ್ಲಿಷ್ ಭಾಗ ಒಂದೇ ಕೈ ಕೊಡ್ತಿದೆ ಅನ್ನೋರೇ ನಮ್ಮಲ್ಲಿ ಹೆಚ್ಚು. ಅಂಥವರನ್ನೇ ಈ ಗ್ಯಾರಂಟಿ ಕೋಚಿಂಗ್‌ನವರು ಹುಡುಕಿಕೊಂಡು ಬರೋದು. ಹೆಸರು ಹಾಕಲ್ಲ. ನಾಳೆ ಬೋರ್ಡ್ ಬದಲಾಯಿಸಿಕೊಂಡು ಬಂದ್ರೂ ಆಟ ಇದೇ ಆಗಿರುತ್ತೆ, ಆಟ ತಿಳಿದಿದ್ರೆ ಸಾಕು.

148 ಇದ್ದ ನನ್ನ ವರ್ಬಲ್, ಇವರಿಗೆ 32,000 ರೂಪಾಯಿ ಕಟ್ಟಿದ ಮೇಲೆ 149 ಆಯ್ತು. ಒಂದು ಅಂಕ. ಗ್ಯಾರಂಟಿ ಪ್ರಕಾರ ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಬಂದ ಉತ್ತರ: "ಮೇಡಂ, ನಿಮಗೆ ಹತ್ತು ಅಂಕ ಏರಿದೆಯಲ್ಲ, ಕಂಗ್ರಾಟ್ಸ್!"

148ಕ್ಕೆ ಹತ್ತು ಕೂಡಿಸಿದ್ರೆ 149 ಆಗೋದು ಹೇಗೆ ಅಂತ ನಾನೂ ಕೇಳಿದೆ. ಆಗುತ್ತೆ. ಹೇಗೆ ಅಂತ ನೋಡಿ.

ಗೋಣಿಕೊಪ್ಪದ ಒಂದು ಹಾಲ್‌ನಲ್ಲಿ ಪುಕ್ಕಟೆ ಸೆಮಿನಾರ್. ರಿಟೇಕ್ ಮಾಡೋರಿಗೆ ಸ್ಪೆಷಲ್ ಬ್ಯಾಚ್, ಆನ್‌ಲೈನ್ ಕ್ಲಾಸು, ಆರೇ ಸೀಟು ಬಾಕಿ, ಇವತ್ತೇ ಕಟ್ಟಿದ್ರೆ ಮೂರು ಸಾವಿರ ಕಡಿಮೆ. ಇದೆಲ್ಲ ಗೊತ್ತಿರೋದೇ. ಸೇರಿದ ಮಾರನೇ ದಿನ ಒಂದು 'ಡಯಾಗ್ನೋಸ್ಟಿಕ್ ಟೆಸ್ಟ್' ಬರೀಲೇಬೇಕು ಅಂದ್ರು. ನನ್ನ ಹತ್ರ ಅಸಲಿ ಪರೀಕ್ಷೆಯ ಸ್ಕೋರೇ ಇದೆ, ಮತ್ತೆ ಇದ್ಯಾಕೆ ಅಂತ ಕೇಳಿದ್ದೆ. ಆ ಮೆಸೇಜು ಈಗಲೂ ಫೋನಲ್ಲಿದೆ: "ನಿಮ್ಮ ವೀಕ್‌ನೆಸ್ ಎಲ್ಲಿದೆ ಅಂತ ನಮ್ಮ ಟೀಚರ್‌ಗೆ ಗೊತ್ತಾಗ್ಲಿ ಅಂತ ಅಷ್ಟೇ ಮೇಡಂ, ಸ್ಕೋರ್ ಬಗ್ಗೆ ತಲೆ ಕೆಡಿಸ್ಕೋಬೇಡಿ."

ಆ ಪೇಪರ್ ಹೇಗಿತ್ತು ಗೊತ್ತಾ? 27 ಪ್ರಶ್ನೆಯಲ್ಲಿ, ಒಂದೊಂದರಲ್ಲೂ ಮೂರು ಖಾಲಿ ಜಾಗ ತುಂಬಬೇಕಾದ ಪ್ರಶ್ನೆಗಳೇ ಒಂಬತ್ತು. ಎಲ್ಲಾ ಕಠಿಣ ದರ್ಜೆಯವೇ. ಬಂದಿದ್ದು 139. ಅಸಲಿ ಪರೀಕ್ಷೆ ಹಾಗಿರಲ್ಲ. ಮೊದಲ ವಿಭಾಗ ಒಟ್ಟಾರೆ ಮಧ್ಯಮ ಮಟ್ಟದ್ದು. ಅದರಲ್ಲಿ ನೀವು ಹೇಗೆ ಮಾಡಿದ್ರಿ ಅನ್ನೋದರ ಮೇಲೆ ಎರಡನೇ ವಿಭಾಗ ಸುಲಭದ್ದೋ ಕಷ್ಟದ್ದೋ ಬರುತ್ತೆ. ಕಷ್ಟದ ಪ್ರಶ್ನೆ ಬಂದ್ರೆ ಅದಕ್ಕೆ ತಕ್ಕ ಹಾಗೆ ಅಂಕ ಸರಿದೂಗಿಸ್ತಾರೆ. ಎಲ್ಲಾ ಕಷ್ಟದವೇ ತುಂಬಿ, ಸರಿ ಉತ್ತರ ಎಣಿಸಿ, ತಮ್ಮದೇ ಒಂದು ಕೋಷ್ಟಕದಿಂದ '139' ಅಂದ್ರೆ ಅದು ಜಿಆರ್‌ಇ ಸ್ಕೋರೇ ಅಲ್ಲ. ಆದ್ರೆ ಅವತ್ತು ನನಗೆ ಗಾಬರಿ. ಇಷ್ಟು ಕೆಳಗಿದೀನಾ ಅಂತ.

ಗಾಬರಿ ಪಡಿಸೋದಷ್ಟೇ ಅಲ್ಲ ಅದರ ಕೆಲಸ. ರಸೀದಿ ತಿರುಗಿಸಿ ನೋಡಿ. ಹಿಂದುಗಡೆ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ: ಅಂಕ ಏರಿಕೆಯನ್ನು ಸಂಸ್ಥೆಯ ಡಯಾಗ್ನೋಸ್ಟಿಕ್ ಟೆಸ್ಟ್ ಆಧಾರದಲ್ಲಿ ಲೆಕ್ಕ ಹಾಕಲಾಗುವುದು. 139ರಿಂದ 149. ಹತ್ತು! ನಾನು ಜಿಆರ್‌ಇ ನಡೆಸೋ ಇಟಿಎಸ್ ಸಂಸ್ಥೆಯ ಸ್ಕೋರ್ ಕಾರ್ಡ್ ಕೊಟ್ಟೇ ಸೇರಿದ್ದು, ಅವರ ಫಾರ್ಮ್‌ನಲ್ಲಿ 148 ಅಂತ ನನ್ನ ಕೈಯಾರೆ ಬರೆದಿದ್ದೀನಿ. ಅದು ಲೆಕ್ಕಕ್ಕಿಲ್ಲ. ಅವರೇ ಇಳಿಸಿದ 139 ಲೆಕ್ಕಕ್ಕಿದೆ. ಬಾವಿಗೆ ತಳ್ಳಿ ಆಮೇಲೆ ಹಗ್ಗ ಕೊಟ್ಟೆವಲ್ಲ ಅಂದ ಹಾಗೆ.

ಇನ್ನು ಕೊಟ್ಟ ಸಾಮಗ್ರಿ. 3,500 ಪದಗಳ ಪಿಡಿಎಫ್, ದಿನಕ್ಕೆ 60 ಬಾಯಿಪಾಠ. ಅದರಲ್ಲಿ ವಿರುದ್ಧಾರ್ಥದ ಪ್ರಶ್ನೆಗಳು, ಅನಾಲಜಿ (ಪದಜೋಡಿಗಳ ಸಂಬಂಧ ಹೋಲಿಸೋ) ಪ್ರಶ್ನೆಗಳು ಅಂತ ಎರಡು ಅಧ್ಯಾಯ. ಆ ಎರಡೂ 2011ರ ಆಗಸ್ಟ್‌ನಲ್ಲೇ ಪರೀಕ್ಷೆಯಿಂದ ಹೋಗಿವೆ. ಒಂದೊಂದೇ ವಿಭಾಗದ ಸೆಕ್ಷನಲ್ ಟೆಸ್ಟುಗಳೋ, ಹಳೇ ಪರೀಕ್ಷೆಯ ಹಾಗೆ 30 ನಿಮಿಷಕ್ಕೆ 20 ಪ್ರಶ್ನೆಯವು. 2023ರ ಸೆಪ್ಟೆಂಬರ್ 22ರಿಂದ ಪರೀಕ್ಷೆ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ. ವರ್ಬಲ್‌ನಲ್ಲಿ ಮೊದಲು 18 ನಿಮಿಷಕ್ಕೆ 12 ಪ್ರಶ್ನೆ, ಆಮೇಲೆ 23 ನಿಮಿಷಕ್ಕೆ 15. ಇದನ್ನ ಹೇಳಿದ್ರೆ, "ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ತಾನೇ, ಎರಡೂ ಒಂದೇ" ಅಂದ್ರು. ಭಾಗಾಕಾರ ಸರಿ. ಆದ್ರೆ 20 ಪ್ರಶ್ನೆಯ ವಿಭಾಗದಲ್ಲಿ ಓದಿ ಉತ್ತರಿಸೋ ಒಂದು ಪ್ಯಾಸೇಜ್ ಹತ್ರ ನಾಲ್ಕು ನಿಮಿಷ ಸಿಕ್ಕಿಹಾಕಿಕೊಂಡ್ರೂ ಉಳಿದವುಗಳಲ್ಲಿ ಎಳೆದು ತರಬಹುದಿತ್ತು. 12 ಪ್ರಶ್ನೆಯಲ್ಲಿ ಆ ಜಾಗ ಇಲ್ಲ. ಅಲ್ಲಿ ಜಾರಿದ್ರೆ ಎರಡನೇ ವಿಭಾಗ ಸುಲಭದ್ದು ಬರುತ್ತೆ. ಸುಲಭದ್ದು ಬಂತು ಅಂತ ಖುಷಿ ಪಡೋ ವಿಷಯ ಅಲ್ಲ ಅದು, ಅಲ್ಲಿಂದ ಎಷ್ಟು ಚೆನ್ನಾಗಿ ಮಾಡಿದ್ರೂ ಮೇಲಕ್ಕೆ ಹೋಗೋದಕ್ಕೆ ಒಂದು ಮಿತಿ ಬೀಳುತ್ತೆ.

ಸರಿ, ನನ್ನ ಮುಖಕ್ಕೆ ನಿಜವಾಗಿ ಹೊಡೆದ ಹಾಗಾಗಿದ್ದು ಇನ್ನೊಂದು ಕಡೆ.

ಅವರ ಮಾಕ್‌ಗಳಲ್ಲಿ, ಅಂದ್ರೆ ಅಣಕು ಪರೀಕ್ಷೆಗಳಲ್ಲಿ, ಸ್ಕೋರು ಚೆಂದವಾಗಿ ಏರ್ತಾ ಹೋಯ್ತು. 144, 149, 153, ಕೊನೆಗೆ 'ಪ್ರೀಮಿಯಂ ಮಾಕ್' ಎರಡರಲ್ಲಿ 157, 158. ಮನೆಯವರಿಗೆಲ್ಲ ತೋರಿಸಿದೆ. ಪರೀಕ್ಷೆ ಮುಗಿದ ತಕ್ಷಣ ಪರದೆ ಮೇಲೆ 149 ಕಂಡಾಗ ನನ್ನದೇ ತಪ್ಪು, ಟೆನ್ಷನ್‌ನಲ್ಲಿ ಕೆಡಿಸಿಕೊಂಡೆ ಅಂದ್ಕೊಂಡೆ. ಒಂದು ವಾರ ಅದನ್ನೇ ಅಂದ್ಕೊಂಡಿದ್ದೆ. ಆಮೇಲೆ ಒಂದು ಸಂಜೆ ಇಟಿಎಸ್‌ನವರೇ ಪುಕ್ಕಟೆಯಾಗಿ ಕೊಡೋ ಅಭ್ಯಾಸ ಪರೀಕ್ಷೆ, ಪವರ್‌ಪ್ರೆಪ್ ಆನ್‌ಲೈನ್, ತೆರೆದೆ. ಮೊದಲ ಪ್ಯಾಸೇಜು, ಎರಡನೇ ಸಾಲು. ಇದನ್ನ ಓದಿದ್ದೀನಲ್ಲ? ಮೂರನೇ ಪ್ರಶ್ನೆ. ಇದೂ. ಆಯ್ಕೆಗಳ ಕ್ರಮ ಕೂಡ ಅದೇ. ಅವರ ಪ್ರೀಮಿಯಂ ಮಾಕ್ ಅಂದ್ರೆ ಪವರ್‌ಪ್ರೆಪ್‌ನ ಪ್ರಶ್ನೆಗಳ ಮೇಲೆ ಅವರ ಲೋಗೋ. ಅಷ್ಟೇ ಆಗಿದ್ರೂ ಸಹಿಸಬಹುದಿತ್ತು. ಅದೇ ಪ್ರಶ್ನೆಗಳು ಎರಡು ತಿಂಗಳ ಹಿಂದೆ ಹೋಂವರ್ಕ್ ಹಾಳೆಯಲ್ಲಿ ಚದುರಿಸಿ ಬಂದಿದ್ವು! ಒಮ್ಮೆ ಬಿಡಿಸಿ, ಉತ್ತರ ತಿದ್ದಿಸಿಕೊಂಡು, ಅದನ್ನೇ ಮತ್ತೆ ಮಾಕ್ ಅಂತ ಬರೆದ್ರೆ 158 ಬಾರದೆ ಇನ್ನೇನು ಬರುತ್ತೆ?

ನಷ್ಟ ಬರೀ ದುಡ್ಡಿನದ್ದಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ಅಸಲಿ ಪರೀಕ್ಷೆಗೆ ತೀರಾ ಹತ್ತಿರದ ಅಳತೆಗೋಲು ಅಂದ್ರೆ ಪವರ್‌ಪ್ರೆಪ್. ಮುಟ್ಟದೆ ಇಟ್ಟುಕೊಂಡು, ಪರೀಕ್ಷೆಗೆ ಹತ್ತು ಹದಿನೈದು ದಿನ ಮುಂಚೆ ಗಡಿಯಾರ ಇಟ್ಟು ಒಂದೇ ಕೂರಿಕೆಯಲ್ಲಿ ಬರೀಬೇಕು. ಒಮ್ಮೆ ನೋಡಿಬಿಟ್ರೆ ಅದು ಕೆಟ್ಟ ಹಾಗೆಯೇ, ಮತ್ತೆ ಅಳೆಯೋಕೆ ಬರಲ್ಲ. ನನ್ನದನ್ನ ಅವರು ನನಗೆ ತಿಳಿಯದ ಹಾಗೆ ಕೆಡಿಸಿದ್ರು.

ಇದನ್ನ ಸ್ಕ್ರೀನ್‌ಶಾಟ್ ಸಮೇತ ಕಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಆಮೇಲೆ: "ಮೇಡಂ ಎಲ್ಲಾ ಜಿಆರ್‌ಇ ಪ್ರಶ್ನೆಗಳೂ ಒಂದೇ ಥರ ಇರ್ತವೆ." ಒಂದೇ ಥರ ಅಲ್ಲ ಸ್ವಾಮಿ, ಒಂದೇ! ಮತ್ತೆ ಕೇಳಿದಾಗ ಮಾತು ಹಾಜರಾತಿಗೆ ತಿರುಗಿತು. 40 ಕ್ಲಾಸಲ್ಲಿ 34ಕ್ಕೆ ಬಂದಿದ್ದೀರಿ, 85 ಪರ್ಸೆಂಟ್ ಆಯ್ತು, ಗ್ಯಾರಂಟಿಗೆ 90 ಬೇಕು. ಜುಲೈ ತಿಂಗಳು, ರಾತ್ರಿ ಏಳರ ಕ್ಲಾಸು. ಮರ ಬಿದ್ದು ಲೈನ್ ಕಟ್ಟಾದ್ರೆ ನಮ್ಮಲ್ಲಿ ಕರೆಂಟ್ ಎಷ್ಟು ದಿನಕ್ಕೆ ಬರುತ್ತೆ, ಅದರ ಹಿಂದೆ ನೆಟ್ ಎಷ್ಟು ದಿನಕ್ಕೆ ಬರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾ? ಸೇರುವಾಗ ಇದನ್ನೇ ಕೇಳಿದ್ದಕ್ಕೆ "ರೆಕಾರ್ಡಿಂಗ್ ನೋಡಿದ್ರೆ ಸಾಕು, ಹಾಜರಿ ಲೆಕ್ಕ" ಅಂದಿದ್ರು. ಬಾಯಲ್ಲಿ ಅಂದಿದ್ರು. ಬರಹದಲ್ಲಿ ಇಲ್ಲ. ಕೊನೆಗೆ ಬಂದ 'ಪರಿಹಾರ' ಕೇಳಿ: "21 ದಿನ ಆದ್ಮೇಲೆ ಮತ್ತೆ ಬರೀರಿ ಮೇಡಂ, ನಿಮಗೆ ಅಂತ ರಿವಿಷನ್ ಪ್ಯಾಕೇಜ್ 12,000ಕ್ಕೆ ಮಾಡ್ಕೊಡ್ತೀವಿ."

21 ದಿನ ಅನ್ನೋದು ನಿಜವಾದ ನಿಯಮವೇ, 12 ತಿಂಗಳಲ್ಲಿ ಹೆಚ್ಚೆಂದ್ರೆ ಐದು ಸಲ. ಆದ್ರೆ ಪ್ರತಿ ಸಲ ಪರೀಕ್ಷೆ ಶುಲ್ಕವೇ ಇಪ್ಪತ್ತೆರಡು ಸಾವಿರದ ಆಸುಪಾಸು, ಮೇಲೆ ಇಲ್ಲಿಂದ ಬೆಂಗಳೂರಿಗೆ ಹೋಗಿ ಉಳಿಯೋ ಖರ್ಚು. ಏನೂ ಬದಲಾಗದೆ 21ನೇ ದಿನ ಹೋಗಿ ಕೂತ್ರೆ ಎರಡು ಅಂಕ ಮೇಲೋ ಕೆಳಗೋ ಆಗುತ್ತೆ ಅಷ್ಟೇ. ಅಷ್ಟು ಏರಿಳಿತ ಏನೂ ಓದದೆ ಬರೆದ್ರೂ ಇರುತ್ತೆ. ನನ್ನ ಆ ಒಂದು ಅಂಕವೂ ಅಂಥದ್ದೇ ಅಂತ ಈಗ ಅನ್ನಿಸ್ತಿದೆ.

ಹಾಗಾದ್ರೆ ಏರೋದು ಯಾವುದರಿಂದ? ಪುಕ್ಕಟೆಯಾಗಿ ಹೇಳ್ತೀನಿ, 32,000 ಕೊಡೋದು ಬೇಡ. ಒಂದು ನೋಟ್‌ಬುಕ್ ತಗೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೀರಿ: ಪದ ಗೊತ್ತಿರಲಿಲ್ವಾ, ವಾಕ್ಯದ ದಿಕ್ಕು ತಪ್ಪಾಗಿ ಹಿಡಿದ್ರಾ, ಅರ್ಧ ಸರಿ ಇರೋ ಆಯ್ಕೆಗೆ ಬಿದ್ರಾ, ಸಮಯ ಸಾಲಲಿಲ್ವಾ. ನನ್ನ ಪುಸ್ತಕದಲ್ಲಿ ಪದ ಗೊತ್ತಿಲ್ಲದೆ ಹೋಗಿದ್ದು ಕಾಲು ಭಾಗಕ್ಕೂ ಕಡಿಮೆ. ಬಾಯಿಪಾಠ ಮಾಡಿಸಿದ್ದು ಮಾತ್ರ ಪದಗಳನ್ನೇ.

ಪದ ಅಂದ್ರೂ ಕೈಕೊಡೋದು ಗೊತ್ತಿಲ್ಲದ ಪದ ಅಲ್ಲ, ಗೊತ್ತಿದೆ ಅಂದ್ಕೊಂಡ ಪದ. 'ಸ್ಯಾಂಕ್ಷನ್' ತಗೊಳ್ಳಿ. ಸೊಸೈಟಿಯಲ್ಲಿ ಲೋನ್ ಸ್ಯಾಂಕ್ಷನ್ ಆಯ್ತು ಅನ್ನೋ ನಮಗೆ ಅದು ಒಪ್ಪಿಗೆ. ಅದೇ ಪದಕ್ಕೆ ದಂಡನೆ, ನಿರ್ಬಂಧ ಅನ್ನೋ ಅರ್ಥವೂ ಇದೆ. 'ಕ್ವಾಲಿಫೈಡ್' ಹೊಗಳಿಕೆ ಅಂದ್ರೆ ಅರ್ಹತೆಯ ಮಾತಲ್ಲ, ಆದರೆ-ಹೋದರೆ ಸೇರಿಸಿದ ಅರೆಮನಸ್ಸಿನ ಹೊಗಳಿಕೆ. 'ಟೆಂಪರ್' ಅಂದ್ರೆ ಸಿಟ್ಟಷ್ಟೇ ಅಲ್ಲ, ಹದಗೊಳಿಸು ಅಂತಲೂ ಹೌದು. 3,500ರ ಪಟ್ಟಿಯಲ್ಲಿ ಈ ಮೂರಕ್ಕೂ ಒಂದೊಂದೇ ಅರ್ಥ, ಅದೂ ನಮಗೆ ಮೊದಲೇ ಗೊತ್ತಿದ್ದದ್ದು.

ಖಾಲಿ ಜಾಗದ ಪ್ರಶ್ನೆಯಲ್ಲಿ ಆಯ್ಕೆಗಳನ್ನ ಕೈಯಿಂದ ಮುಚ್ಚಿ. 'ಆಲ್ದೋ', 'ಫಾರ್ ಫ್ರಮ್', 'ಹಾರ್ಡ್ಲಿ' ಥರ ದಿಕ್ಕು ತಿರುಗಿಸೋ ಪದ ಎಲ್ಲಿದೆ ನೋಡಿ, ಅಲ್ಲಿಗೆ ಏನು ಬೇಕೋ ಅದನ್ನ ಕನ್ನಡದಲ್ಲೇ ಅಂದ್ಕೊಳ್ಳಿ, ಆಮೇಲೆ ಕೈ ತೆಗೀರಿ. ಮೂರು ಖಾಲಿ ಇದ್ರೆ ಮೊದಲನೆಯದರಿಂದಲೇ ಶುರು ಮಾಡ್ಬೇಕಂತಿಲ್ಲ, ಸುಳಿವು ಗಟ್ಟಿ ಇರೋದನ್ನ ಮೊದಲು ತುಂಬಿ. ಮೂರೂ ಸರಿಯಾದ್ರೆ ಮಾತ್ರ ಅಂಕ, ಎರಡು ಸರಿಯಾದ್ರೆ ಸೊನ್ನೆ. ಆರರಲ್ಲಿ ಎರಡು ಆರಿಸೋ ಪ್ರಶ್ನೆಯಲ್ಲಿ ಸಮಾನಾರ್ಥಕ ಜೋಡಿ ಕಂಡ ಕೂಡಲೇ ಒತ್ತಬೇಡಿ, ವಾಕ್ಯಕ್ಕೆ ಹೊಂದದ ಜೋಡಿಯನ್ನೂ ಇಟ್ಟಿರ್ತಾರೆ. ವಾಕ್ಯಕ್ಕೆ ಚೆನ್ನಾಗಿ ಹೊಂದಿ ಜೋಡಿ ಇಲ್ಲದ ಒಂಟಿ ಪದವನ್ನೂ ಇಟ್ಟಿರ್ತಾರೆ. ಖಾಲಿ ಜಾಗದ್ದು, ಆರರಲ್ಲಿ ಎರಡು ಆರಿಸೋದು, ಈ ಎರಡು ಬಗೆಯ ಒಂದೊಂದು ಪ್ರಶ್ನೆಯನ್ನೂ ಒಂದು ನಿಮಿಷದೊಳಗೆ ಮುಗಿಸಿ ಉಳಿದದ್ದನ್ನ ಪ್ಯಾಸೇಜಿಗೆ ಇಡಿ. ತಪ್ಪಿಗೆ ಅಂಕ ಕಳೆಯಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಇನ್ನೆರಡು ಮಾತು. ಹಳೇ ಸ್ಕೋರ್ ಕಳಂಕದ ಹಾಗೆ ಯೂನಿವರ್ಸಿಟಿಗೆ ಕಾಣುತ್ತೆ ಅಂತ ಹೆದರಿಸ್ತಾರೆ. ಇಟಿಎಸ್‌ನ ಸ್ಕೋರ್‌ಸೆಲೆಕ್ಟ್ ಅನ್ನೋ ಸೌಲಭ್ಯ ಇರೋದೇ ಐದು ವರ್ಷದೊಳಗಿನ ಯಾವ ಸ್ಕೋರ್ ಕಳಿಸಬೇಕು ಅಂತ ನೀವೇ ಆರಿಸೋಕೆ. ಮನೆಯಲ್ಲೇ ಪರೀಕ್ಷೆ ಬರೀರಿ, 'ಸಪೋರ್ಟ್' ಕೊಡ್ತೀವಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಸಿಕ್ಕಿಬಿದ್ರೆ ಸ್ಕೋರ್ ರದ್ದಾಗೋದು ನಿಮ್ಮದು, ಅವರದ್ದಲ್ಲ.

ಸೇರಲೇಬೇಕು ಅಂದ್ರೆ ಗ್ಯಾರಂಟಿ ಯಾವ ಸ್ಕೋರಿನಿಂದ ಲೆಕ್ಕ ಅಂತ ಬರಹದಲ್ಲಿ ತಗೊಳ್ಳಿ. ಕೊಡಲ್ಲ, ಬಾಜಿ ಕಟ್ತೀನಿ. ಹೆಚ್ಚು ಅಂಕದ ಸುಳ್ಳು ಗ್ಯಾರಂಟಿ ಹಾಕಬಾರದು ಅಂತ ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2024ರ ನವೆಂಬರ್‌ನಲ್ಲೇ ಬಂದಿದೆ. ಈಗಾಗಲೇ ಮೋಸ ಹೋಗಿದ್ರೆ ಗ್ರಾಹಕ ಸಹಾಯವಾಣಿ 1915. ಎರಡು ವರ್ಷದೊಳಗೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ನಾನು ರಸೀದಿ, ಮೆಸೇಜು, ಆ ಹೋಂವರ್ಕ್ ಹಾಳೆ ಎಲ್ಲ ಒಂದು ಫೈಲ್ ಮಾಡಿಟ್ಟಿದ್ದೀನಿ.

ಮೊನ್ನೆ ಅವರ ಹೊಸ ಪೋಸ್ಟರ್ ಬಂತು. ಮೂಲೆಯಲ್ಲಿ ಹಳದಿ ಡಬ್ಬಿಯೊಳಗೆ: 'ಕೊಡಗಿನ ವಿದ್ಯಾರ್ಥಿನಿ, 139ರಿಂದ 149!' ತೆಗೀರಿ ಅಂತ ಫೋನ್ ಮಾಡಿದೆ. "ನಿಮ್ಮ ಹೆಸರೇನೂ ಹಾಕಿಲ್ವಲ್ಲ ಮೇಡಂ" ಅಂದ್ರು.