ಒಂದೇ ಬದುಕು, ಎರಡು ಪುಸ್ತಕ: ಯಾವುದನ್ನು ಓದೋದು?

ಒಬ್ಬರೇ ತಮ್ಮ ಬದುಕನ್ನು ಎರಡು ಸಲ ಬರೆದಿದ್ದರೆ ನಾವು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಸುಮ್ನೆ ಕುತೂಹಲಕ್ಕೆ ಶುರು ಮಾಡಿದ ಆಟ ಇದು. ಅಂಥ ಜೋಡಿ ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ಪೆನ್ಸಿಲ್ ಹಿಡಿದು ಓದಿದೆ. ಎಲ್ಲಿ ಗೆರೆ ಎಳೆದಿದ್ದೇನೆ, ಎಲ್ಲಿ ಹತ್ತು ಪುಟ ಹಾರಿಸಿದ್ದೇನೆ ಅಂತ ಆಮೇಲೆ ತಿರುವಿ ನೋಡಿದರೆ ಪುಸ್ತಕ ನಮಗೆ ಎಷ್ಟು ಹಿಡಿಸಿತು ಅನ್ನೋದು ಗೊತ್ತಾಗಿಬಿಡುತ್ತದೆ.

ಮೊದಲ ಜೋಡಿ ಅರುಂಧತಿ ರಾಯ್ ಅವರದು. 1997ರ ಕಾದಂಬರಿ ‘ದ ಗಾಡ್ ಆಫ್ ಸ್ಮಾಲ್ ಥಿಂಗ್ಸ್’, 2025ರ ಆತ್ಮಕಥೆ ‘ಮದರ್ ಮೇರಿ ಕಮ್ಸ್ ಟು ಮಿ’. ಎರಡರಲ್ಲೂ ಗಂಡನನ್ನು ಬಿಟ್ಟು, ಎರಡು ಮಕ್ಕಳನ್ನು ಕರೆದುಕೊಂಡು ತವರಿನ ಕಡೆ ಬಂದ ತಾಯಿ ಇದ್ದಾಳೆ. ಕಾದಂಬರಿಯಲ್ಲಿ ಅವಳು ಅಮ್ಮು. ತವರಿನ ಆಸ್ತಿಯಲ್ಲಿ ಅವಳಿಗೆ ಹಕ್ಕಿಲ್ಲ, ಯಾರನ್ನು ಪ್ರೀತಿಸಬಾರದೋ ಅವನನ್ನೇ ಪ್ರೀತಿಸುತ್ತಾಳೆ, ಲಾಡ್ಜೊಂದರ ಕೊಳಕು ರೂಮಿನಲ್ಲಿ 31ನೇ ವಯಸ್ಸಿಗೆ ಒಂಟಿಯಾಗಿ ಸಾಯುತ್ತಾಳೆ.

ಆತ್ಮಕಥೆಯ ತಾಯಿ ಮೇರಿ ರಾಯ್ ಸಾಯುವವರಲ್ಲ, ಜಗಳಕ್ಕೆ ನಿಲ್ಲುವವರು. ಅದೇ ಆಸ್ತಿಹಕ್ಕಿಗಾಗಿ ಕೋರ್ಟಿಗೆ ಹೋದರು. 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೇರಳದ ಸಿರಿಯನ್ ಕ್ರಿಶ್ಚಿಯನ್ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಸಮಪಾಲು ಸಿಕ್ಕಿದ್ದು ಅವರಿಂದ. ಕೋಟ್ಟಯಂನಲ್ಲಿ ಶಾಲೆ ಕಟ್ಟಿ ಹೆಸರು ಮಾಡಿದರು. ತೀರಿಕೊಂಡಿದ್ದು 2022ರಲ್ಲಿ, 88 ವರ್ಷಕ್ಕೆ. ಮಗಳು ಕಾದಂಬರಿಯಲ್ಲಿ 31ಕ್ಕೇ ಸಾಯಿಸಿದ ತಾಯಿ, ನಿಜದಲ್ಲಿ ಆ ಕಾದಂಬರಿ ಬಂದ ಮೇಲೂ 25 ವರ್ಷ ಬದುಕಿದ್ದರು. ಎರಡನ್ನೂ ಒಟ್ಟಿಗೆ ಓದದೆ ಹೋಗಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ವಾಕ್ಯಕ್ಕೆ ವಾಕ್ಯ ಇಟ್ಟು ತೂಗಿದರೆ ಕಾದಂಬರಿಯದೇ ಮೇಲುಗೈ. ನೋವಾಗುವ ಮಾತಾಡಿದರೆ ಜನ ನಿನ್ನನ್ನು ಸ್ವಲ್ಪ ಕಡಿಮೆ ಪ್ರೀತಿಸ್ತಾರೆ ಅಂತ ಅಮ್ಮು ಏಳು ವರ್ಷದ ಮಗಳಿಗೆ ಹೇಳುತ್ತಾಳೆ. ತಕ್ಷಣ ಆ ಮಗುವಿನ ಎದೆಯ ಮೇಲೆ ಒಂದು ತಣ್ಣನೆಯ ಪತಂಗ ಬಂದು ಕೂರುತ್ತದೆ. ಅಷ್ಟೇ ಸಾಕು, ಭಯ ಅಂದರೇನು ಅಂತ ಮತ್ತೆ ವಿವರಿಸುವ ಕೆಲಸವೇ ಇಲ್ಲ. ಆತ್ಮಕಥೆಯ ಭಾಷೆ ಇಷ್ಟು ಬಿಗಿಯಾಗಿಲ್ಲ. ಅದರಲ್ಲೂ ತಾಯಿ ಕಣ್ಮರೆಯಾಗಿ ಸಿನಿಮಾ, ಬೂಕರ್ ಪ್ರಶಸ್ತಿ, ನರ್ಮದಾ ಚಳವಳಿ, ಕೋರ್ಟು ಅಂತ ಕಥೆ ಹೊರಟಾಗ ನನ್ನ ಪೆನ್ಸಿಲ್ ಕೆಲಸ ನಿಲ್ಲಿಸಿತು. ಗೊತ್ತಿರುವ ಸುದ್ದಿಯನ್ನೇ ಮತ್ತೆ ಓದಿದ ಹಾಗೆ.

ಆದರೂ ಒಂದನ್ನೇ ಓದುತ್ತೇನೆ ಅನ್ನುವವರಿಗೆ ನಾನು ಕೊಡುವುದು ಆತ್ಮಕಥೆಯನ್ನೇ. ಇದಕ್ಕೆ ಕಾದಂಬರಿಯ ಅಭಿಮಾನಿಗಳು ಬೈಯಲಿ, ಪರವಾಗಿಲ್ಲ. ಅಮ್ಮು ಮಕ್ಕಳನ್ನು ನೋಯಿಸಿದರೂ ನಮ್ಮ ಕನಿಕರವೆಲ್ಲ ಅವಳ ಕಡೆಗೇ ಹೋಗುತ್ತದೆ. ‘ಮಿಸೆಸ್ ರಾಯ್’ ಹಾಗಲ್ಲ. ಹೆತ್ತ ಮಗಳೂ ಅವರನ್ನು ಹಾಗೇ ಕರೆಯಬೇಕಿತ್ತು. ಒಂದು ರಾತ್ರಿ ಮಗನನ್ನು ಮರದ ರೂಲರ್ ಮುರಿಯುವಷ್ಟು ಹೊಡೆಯುತ್ತಾರೆ. ತಪ್ಪೇನು ಅಂದರೆ, ರಿಪೋರ್ಟ್ ಕಾರ್ಡಿನಲ್ಲಿ ಅವನು ಸಾಧಾರಣ ಅಂತ ಬಂದಿತ್ತು. ಮಗಳದು ಚೆನ್ನಾಗಿತ್ತು, ಅವಳಿಗೆ ಅಪ್ಪುಗೆ ಸಿಕ್ಕಿತು. ಅಂದಿನಿಂದ ತನಗೆ ಚಪ್ಪಾಳೆ ಬಿದ್ದಾಗಲೆಲ್ಲ ಪಕ್ಕದ ಕೋಣೆಯಲ್ಲಿ ಇನ್ನಾರೋ ಏಟು ತಿನ್ನುತ್ತಿದ್ದಾರೆ ಅನ್ನಿಸುತ್ತದೆ ಅಂತ ರಾಯ್ ಬರೆಯುತ್ತಾರೆ. ಇಲ್ಲಿ ಗೆರೆ ಎಳೆಯೋಕೂ ಕೈ ಬರಲಿಲ್ಲ. ಇಷ್ಟಾದರೂ ಅಸ್ತಮಾದಿಂದ ಒದ್ದಾಡುವ ತಾಯಿಗೆ ತಾನೇ ಶ್ವಾಸಕೋಶವಾಗಿ ಉಸಿರಾಡಲು ಹೊರಡುವವಳೂ ಇದೇ ಮಗಳು. ಒಂದೇ ತಾಯಿಯ ಮೇಲೆ ಸಿಟ್ಟು, ಮೆಚ್ಚುಗೆ ಎರಡೂ ಒಟ್ಟಿಗೆ ಬರುವಂತೆ ಮಾಡೋದು ಕಾದಂಬರಿಯಲ್ಲಿ ಆಗಿಲ್ಲ, ಇಲ್ಲಿ ಆಗಿದೆ.

ಎರಡನ್ನೂ ಓದುವುದಾದರೆ ಕಾದಂಬರಿ ಮೊದಲು. ನಾನು ಉಲ್ಟಾ ಮಾಡಿದೆ. ಅಮ್ಮು ಬಾಯಿಬಿಟ್ಟಾಗಲೆಲ್ಲ ಹಿಂದೆ ಮೇರಿ ರಾಯ್ ನಿಂತು ಕೆಮ್ಮಿದಂತಾಗುತ್ತಿತ್ತು.

ಎರಡನೇ ಜೋಡಿ ಸಲ್ಮಾನ್ ರಶ್ದಿ ಅವರದು. ಇಲ್ಲಿ ಎರಡೂ ಆತ್ಮಕಥೆಗಳೇ. 2012ರ ‘ಜೋಸೆಫ್ ಆಂಟನ್’, 2024ರ ‘ನೈಫ್’. ‘ದ ಸಟಾನಿಕ್ ವರ್ಸಸ್’ ಕಾದಂಬರಿ ಬರೆದಿದ್ದಕ್ಕೆ ಅವರನ್ನು ಕೊಲ್ಲಬೇಕು ಅಂತ ಇರಾನಿನ ಖೊಮೇನಿ ಹೊರಡಿಸಿದ 1989ರ ಫತ್ವಾದ ನಂತರ ತಲೆಮರೆಸಿಕೊಂಡಿದ್ದಾಗ ಪೊಲೀಸರಿಗಾಗಿ ಇಟ್ಟುಕೊಂಡ ಹೆಸರು ಜೋಸೆಫ್ ಆಂಟನ್. ಲೇಖಕರಾದ ಕಾನ್ರಾಡ್ ಅವರ ಜೋಸೆಫ್, ಚೆಕಾಫ್ ಅವರ ಆಂಟನ್ ಸೇರಿಸಿ ಮಾಡಿದ್ದು. ಆ ಪುಸ್ತಕದಲ್ಲಿ ರಶ್ದಿ ತಮ್ಮನ್ನು ‘ಅವನು’ ಅಂತ ಕರೆದುಕೊಳ್ಳುತ್ತಾರೆ. ಮೊದಲ ಐವತ್ತು ಪುಟ ಮಜಾ ಇದೆ. ಆದರೆ ಪುಸ್ತಕ 600 ಪುಟಕ್ಕೂ ಜಾಸ್ತಿ. ‘ಅವನು’ ಅನ್ನುವ ಮುಸುಕು ಹಾಕಿಕೊಂಡು ಯಾರು ಜೊತೆಗೆ ನಿಂತರು, ಯಾರು ಕೈಕೊಟ್ಟರು ಅಂತ ಲೆಕ್ಕ ಚುಕ್ತಾ ಮಾಡುತ್ತಾ ಹೋಗುತ್ತಾರೆ. ಬದುಕು ಕಷ್ಟದ್ದು, ಒಪ್ಪೋಣ. ಓದು ಕೂಡ ಅಷ್ಟೇ ಕಷ್ಟ ಆಗಬೇಕಿತ್ತಾ? ಕೊನೆಯ ಕಾಲುಭಾಗ ನಾನು ಓದಿದ್ದಕ್ಕಿಂತ ತಿರುವಿದ್ದೇ ಹೆಚ್ಚು.

‘ನೈಫ್’ನಲ್ಲಿ ‘ನಾನು’ ವಾಪಸ್ ಬಂದಿದ್ದಾನೆ. 2022ರ ಆಗಸ್ಟ್ 12ರಂದು ಅಮೆರಿಕದ ಷಟಾಕ್ವಾದಲ್ಲಿ ವೇದಿಕೆಯ ಮೇಲೆಯೇ ಒಬ್ಬ ರಶ್ದಿ ಅವರನ್ನು ಇರಿದ, ಅವರ ಬಲಗಣ್ಣು ಹೋಯಿತು. ದಾಳಿ ನಡೆದಿದ್ದು 27 ಸೆಕೆಂಡು. ಆ 27 ಸೆಕೆಂಡಿನಲ್ಲಿ ಶೇಕ್ಸ್‌ಪಿಯರ್‌ನ ಒಂದು ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ) ಓದಿ ಮುಗಿಸಬಹುದು ಅನ್ನುತ್ತಾರೆ ರಶ್ದಿ. ನಾನು ಗಡಿಯಾರ ಇಟ್ಟುಕೊಂಡು ಸುಮ್ಮನೆ ಕೂತು ನೋಡಿದೆ. 27 ಸೆಕೆಂಡು ಎಷ್ಟು ಉದ್ದ ಅಂತ ಆಗ ತಿಳಿಯಿತು. ಕಣ್ಣಿನ ರೆಪ್ಪೆ ಹೊಲಿದ ಪ್ರಸಂಗವನ್ನೂ ಹೇಳಿ, ನಿಮಗೆ ತಪ್ಪಿಸಿಕೊಳ್ಳಲು ಸಾಧ್ಯವಿದ್ದರೆ ತಪ್ಪಿಸಿಕೊಳ್ಳಿ ಅಂತ ಓದುಗರಿಗೆ ಸಲಹೆ ಕೊಡುತ್ತಾರೆ. ಅಂಥ ನೋವಿನಲ್ಲೂ ತಮಾಷೆ!

ಬೇಸರವಾಗಿದ್ದು ಒಂದೇ ಕಡೆ. ಇರಿದವನ ಜೊತೆ ಕಲ್ಪನೆಯಲ್ಲಿ ಒಂದು ಸಂಭಾಷಣೆ ಬರೆದಿದ್ದಾರೆ. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಎರಡೂ ಕಡೆಯ ಕಾಯಿಯನ್ನು ಒಬ್ಬರೇ ನಡೆಸಿದ ಚೆಸ್ ಆಟದಂತಿದೆ. ಹಾಗಿದ್ದರೂ ಈ ಜೋಡಿಯಲ್ಲಿ ‘ನೈಫ್’ಗೆ ಪೈಪೋಟಿಯೇ ಇಲ್ಲ.

ಇನ್ನೊಂದು ಜೋಡಿಯೂ ಇದೆ, ಸ್ವಲ್ಪ ಬೇರೆ ಥರದ್ದು. ಬದುಕು ಎರಡು, ಬರೆದ ಕೈ ಒಂದೇ. ಬ್ರಿಟನ್ನಿನ ರಾಜಕುಮಾರ ಹ್ಯಾರಿಯ ‘ಸ್ಪೇರ್’ (2023), ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ ‘ಓಪನ್’ (2009). ಎರಡಕ್ಕೂ ತೆರೆಮರೆಯಲ್ಲಿ ಕೂತು ಬರೆದವರು ಜೆ. ಆರ್. ಮೋರಿಂಗರ್. ‘ಸ್ಪೇರ್’ನಲ್ಲಿ ತಾಯಿ ಸತ್ತಿಲ್ಲ, ಎಲ್ಲೋ ಅಡಗಿದ್ದಾಳೆ ಅಂತ ವರ್ಷಗಟ್ಟಲೆ ನಂಬಿದ್ದ ಹುಡುಗನ ಭಾಗ ಕರುಳು ಹಿಂಡುತ್ತದೆ. ಮಿಕ್ಕಿದ್ದರಲ್ಲಿ ಹ್ಯಾರಿ ತಮ್ಮ ಕೇಸಿಗೆ ತಾವೇ ವಕೀಲರು. ಅಗಾಸಿ ಹಾಗಲ್ಲ, ತಮ್ಮ ಮಾನ ತಾವೇ ಹರಾಜಿಗಿಡುತ್ತಾರೆ. ಟೆನಿಸ್ ಅಂದರೆ ನನಗೆ ದ್ವೇಷ ಅಂತ ನೇರವಾಗಿ ಹೇಳುತ್ತಾರೆ. 1990ರ ಫ್ರೆಂಚ್ ಓಪನ್ ಫೈನಲ್ಲಿನ ಹಿಂದಿನ ರಾತ್ರಿ ಅವರ ವಿಗ್ ಕಿತ್ತು ಬರುತ್ತದೆ. ಹೇಗೋ ಪಿನ್ ಚುಚ್ಚಿ ನಿಲ್ಲಿಸುತ್ತಾರೆ. ಮರುದಿನ ಅವರು ದೇವರಲ್ಲಿ ಬೇಡಿಕೊಂಡಿದ್ದು ಗೆಲುವನ್ನಲ್ಲ, ವಿಗ್ ಬೀಳದಿರಲಿ ಅಂತ. ಪಂದ್ಯ ಸೋತರು. ವಿಗ್ ಮಾತ್ರ ಬೀಳಲಿಲ್ಲ.