ಕಾಸರಗೋಡಿನ ಮಳೆಗಾಲದಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಎಲ್‌ಪಿ

ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1970ರ ದಶಕದ ಕೊನೆಯಲ್ಲಿ ಹೊರತಂದ ಈ ಆಲ್ಬಂನಲ್ಲಿ ತಾಳವಿಲ್ಲ, ಸಾಹಿತ್ಯವಿಲ್ಲ. ‘2/1’ ಎಂಬ ತುಣುಕಿನಲ್ಲಿ ಕೇಳುವುದು ಟೇಪಿನ ಸುತ್ತುಗಳಲ್ಲಿ ಹಿಡಿದ ದನಿಗಳು. ಒಂದು 23½ ಸೆಕೆಂಡಿಗೆ ಮರಳಿದರೆ ಇನ್ನೊಂದು 25⅞ಕ್ಕೆ. ಹಾಗಾಗಿ ಅವು ಸೇರುವ ಬಗೆ ಪ್ರತಿಸಲವೂ ಬೇರೆ. ನಡುನಡುವಿನ ಖಾಲಿ ಜಾಗವೇ ಇದರ ಸೊಗಸು, ಗ್ರಾಮಫೋನ್ ತಟ್ಟೆಯಲ್ಲಿ ಅದೇ ತಲೆನೋವು. ಯಕ್ಷಗಾನದ ತಟ್ಟೆಯಾದರೆ ಚೆಂಡೆಯ ಸದ್ದಿನಡಿ ಮುಚ್ಚಿಹೋಗುವ ಗೀರು ಇಲ್ಲಿ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ 1.8 ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತದೆ. ತಾಳವಿಲ್ಲದ ಸಂಗೀತಕ್ಕೆ ತಾಳ ಹಾಕಿದ ಹಾಗೆ.

ಒಂದೇ ತಟ್ಟೆಯ ಆವೃತ್ತಿಯಲ್ಲಿ ಮೊದಲ ಬದಿಯೇ 26 ನಿಮಿಷ. ಅಷ್ಟು ಹೊತ್ತಿನದನ್ನು ಹಿಡಿಸಲು ಗೆರೆ ಕೊರೆಯುವಾಗ ಸದ್ದು ತಗ್ಗಿಸಬೇಕಾಗುತ್ತದೆ, ನಾವು ವಾಲ್ಯೂಮ್ ಏರಿಸಿದಾಗ ತಟ್ಟೆಯ ಚರಪರವೂ ಏರುತ್ತದೆ. 2018ರಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಎಂಜಿನಿಯರ್ ಮೈಲ್ಸ್ ಶೋವೆಲ್ ಯಂತ್ರವನ್ನು ಅರ್ಧ ವೇಗದಲ್ಲಿ ಓಡಿಸಿ ಕೊರೆದ, ಕೇಳುವಾಗ 45ರ ವೇಗದಲ್ಲಿ ತಿರುಗುವ ಎರಡು ತಟ್ಟೆಯ ಆವೃತ್ತಿಯೇ ಮೇಲು. ತಟ್ಟೆ ಮಗುಚಲು ಪದೇಪದೇ ಏಳಬೇಕು, ಅದು ಕಿರಿಕಿರಿಯೇ. ಕೊಂಡ ದಿನವೇ ಮುಳ್ಳಿನ ಕೈಯನ್ನು ಗಮನಿಸಿ: ಸುತ್ತಿಗೊಮ್ಮೆ ಎಡಬಲಕ್ಕೆ ತೂಗಿದರೆ ನಡುವಿನ ತೂತು ಸರಿಯಿಲ್ಲ. ಪಿಯಾನೊದ ಉದ್ದ ಸ್ವರ ಅಲುಗುತ್ತದೆ. ವಾಪಸು ಕೊಡಿ.

ನಮ್ಮ ಕಡೆ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಒಳಲಕೋಟೆ ತೇವ ಹೀರುತ್ತದೆ, ಪ್ಲಾಸ್ಟಿಕ್ ಅಸ್ತರಿನದಕ್ಕೆ ಬದಲಿಸಿ. ಪಿವಿಸಿ ಹೊದಿಕೆ ಮಾತ್ರ ಬೇಡ, ತಟ್ಟೆಯ ಮೇಲೆ ಮಂಜು ಕಟ್ಟಿದಂತಾಗುತ್ತದೆ. ಕೆಂಪುಕಲ್ಲಿನ ಗೋಡೆಗೆ ತಾಗಿಸದೆ, ನೆಟ್ಟಗೆ ನಿಲ್ಲಿಸಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಬೂಷ್ಟು ಹಿಡಿದೇಬಿಟ್ಟರೆ 80 ಮಿಲಿ ಡಿಸ್ಟಿಲ್ಡ್ ನೀರು, 20 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಲೇಬಲ್ ನೆನೆಸದೆ ಗೆರೆಯ ಗುಂಟ ಮೆತ್ತಗೆ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ಬಾವಿ ನೀರು ಬೇಡ, ಆರಿದ ಮೇಲೆ ಅದರ ಲವಣ ಗೆರೆಯಲ್ಲಿ ಉಳಿಯುತ್ತದೆ. ಅಜ್ಜನ ಕಾಲದ 78ರ ಅರಗಿನ ತಟ್ಟೆಗೆ ಇದನ್ನು ಸೋಕಿಸಲೇಬೇಡಿ, ಆಲ್ಕೊಹಾಲಿಗೆ ಅರಗು ಕರಗುತ್ತದೆ.

ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಕೇಳಿದರೆ ಗುಂಯ್‌ಗುಡುವ ಸಾಧ್ಯತೆ ಹೆಚ್ಚು. ಕರೆಂಟಿದ್ದೂ ಗುಂಯ್ ಅಂದರೆ ಆಂಪ್ಲಿಫೈಯರಿಗೆ ಹೋಗುವ ಅರ್ತ್ ವೈರ್ ಸಡಿಲಾಗಿದೆಯೇ ನೋಡಿ.

ಓಡಿನ ಮೇಲೆ ಮಳೆ ಸುರಿಯುವಾಗ ಇದನ್ನು ಸಣ್ಣಗೆ ಹಾಕಿದರೆ ಸಂಗೀತ ಯಾವುದು, ಮಳೆ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ತಟ್ಟೆಯ ದೋಷ ಹುಡುಕುವುದಿದ್ದರೆ ಮಾತ್ರ ಮಳೆ ಬಿಟ್ಟ ರಾತ್ರಿಯೇ ಬೇಕು. ಫ್ಯಾನ್ ಆರಿಸಿ ಮೊದಲ ತುಣುಕು ‘1/1’ರ ಆರಂಭದ ಎರಡು ನಿಮಿಷ ಕೇಳಿ, ಸಾಕು.