ಬೆಲ್ ಹುಕ್ಸ್ ಅವರ ‘ಫೆಮಿನಿಸಂ ಈಸ್ ಫಾರ್ ಎವ್ರಿಬಡಿ’: ಬೀದರ್ ರೈಲಿನಲ್ಲಿ ಓದಿ ಮುಗಿಸಿದ್ದು

ಆನ್‌ಲೈನ್‌ನಲ್ಲಿ ತರಿಸಿದ್ದೆ. ಪ್ಯಾಕಿಂಗ್ ಚೆನ್ನಾಗಿರಲಿಲ್ಲ, ಒಂದು ಮೂಲೆ ಮಡಚಿಕೊಂಡೇ ಬಂತು. ಅದಿರಲಿ. ತೆಳ್ಳನೆಯ ಪುಸ್ತಕ, 19 ಅಧ್ಯಾಯ, ಎಲ್ಲವೂ ಚಿಕ್ಕಚಿಕ್ಕವು. ಕೆಲಸಕ್ಕೆಂದು ಕಲಬುರಗಿಯಿಂದ ಬೀದರ್‌ಗೆ ರೈಲಿನಲ್ಲಿ ಓಡಾಡುವ ನನಗೆ ಹೇಳಿ ಮಾಡಿಸಿದಂತಿದೆ, ಕಮಲಾಪುರ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿದಿರುತ್ತದೆ.

ಹುಕ್ಸ್ ಅಮೆರಿಕದ ಕಪ್ಪು ಲೇಖಕಿ, ಸಾಹಿತ್ಯ ಪಾಠ ಮಾಡುತ್ತಿದ್ದ ಪ್ರೊಫೆಸರ್. 1952ರಲ್ಲಿ ಕೆಂಟಕಿಯಲ್ಲಿ ಹುಟ್ಟಿದವರು, 2021ರಲ್ಲಿ ತೀರಿಕೊಂಡರು. ಸ್ವಂತ ಹೆಸರು ಗ್ಲೋರಿಯಾ ಜೀನ್ ವಾಟ್ಕಿನ್ಸ್. ಬರವಣಿಗೆಗೆ ಮುತ್ತಜ್ಜಿಯ ಹೆಸರು ಇಟ್ಟುಕೊಂಡರು, ಅದನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆದರು, ಜನ ಹೆಸರು ಬಿಟ್ಟು ಮಾತು ನೋಡಲಿ ಅಂತ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರ ಅನ್ನೋದೇ ಇಲ್ಲವಲ್ಲ, ಹಾಗಾಗಿ ಅವರ ಈ ಹಟ ನಮ್ಮ ಲಿಪಿಯಲ್ಲಿ ಕಾಣುವುದೇ ಇಲ್ಲ!

ಪುಸ್ತಕ ಬಂದದ್ದು 2000ದಲ್ಲಿ. ಸ್ತ್ರೀವಾದ ಅಂದರೆ ಗಂಡಸರ ಮೇಲಿನ ದ್ವೇಷ ಅಂದುಕೊಂಡವರ ಕೈಗೆ ಕೊಡಲಿಕ್ಕೆಂದೇ ಬರೆದದ್ದು. ನನಗೆ ಹಿಡಿಸಿದ್ದು ದುಡಿಮೆಯ ಬಗ್ಗೆ ಅವರು ಎತ್ತುವ ತಕರಾರು. ಮನೆಯಿಂದ ಹೊರಗೆ ಬಂದು ದುಡಿದರೆ ಬಿಡುಗಡೆ ಅಂತ ಓದಿದ ಬಿಳಿ ಹೆಂಗಸರು ಹೇಳುವ ಹೊತ್ತಿಗೆ ಕಪ್ಪು ಹೆಂಗಸರು ಎಷ್ಟೋ ತಲೆಮಾರಿನಿಂದ ಕಂಡವರ ಮನೆಯಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಲೇ ಇದ್ದರು. ಯಾರ ಬಿಡುಗಡೆ ಹಾಗಾದರೆ? ಇದನ್ನು ತಂಗಿಗೆ ಓದಿ ಹೇಳಿದೆ. ಅವಳು ತಟ್ಟನೆ, ‘ಅಕ್ಕಾ, ತೊಗರಿ ಹೊಲಕ್ಕೆ ಕಳೆ ತೆಗೀಲಿಕ್ಕೆ ಹೋಗೋರಿಗೆ ಇದನ್ನ ಯಾರು ಹೇಳಬೇಕು?’ ಅಂದಳು. ಹಾಗಂತ ಅಲ್ಲಿನ ಬಣ್ಣವೂ ಇಲ್ಲಿನ ಜಾತಿಯೂ ಒಂದೇ ಅಂತ ಓದಬೇಡಿ. ಎರಡರ ಚರಿತ್ರೆ ಬೇರೆ.

ತೊಂದರೆಯೂ ಇದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಅಡಿಟಿಪ್ಪಣಿ ಇಲ್ಲ, ಪಿಎಚ್‌ಡಿ ಮಾಡುವವರು ಇದೊಂದನ್ನೇ ನಂಬಿದರೆ ಗೈಡ್ ಸುಮ್ನೆ ಬಿಡುವುದಿಲ್ಲ.

ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳಿಗೆ ಒಂದು ಅಧ್ಯಾಯವಿದೆ. ಚಳವಳಿಯಲ್ಲಿ ಅವರು ಮುಂದೆ ನಿಂತು ದುಡಿದರೂ ಜೊತೆಯವರೇ ಅವರಿಂದ ದೂರ ಸರಿದದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಆ ಅಧ್ಯಾಯ ಓದುತ್ತಿದ್ದ ದಿನವೇ ಹುಮ್ನಾಬಾದಿನಲ್ಲಿ ಮಂಗಳಮುಖಿಯರಿಬ್ಬರು ಚಪ್ಪಾಳೆ ತಟ್ಟುತ್ತಾ ನಮ್ಮ ಡಬ್ಬಿಗೆ ಹತ್ತಿದರು. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ, ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಎಂದೋ ಹೇಳಿ ಹೋಗಿದ್ದಾನೆ. ಡಬ್ಬಿಯಲ್ಲಿದ್ದವರು ಮಾತ್ರ ಕಿಟಕಿ ಕಡೆ ಮುಖ ಮಾಡಿದರು. ನಾನು ಹತ್ತು ರೂಪಾಯಿ ಕೊಟ್ಟು ಪುಸ್ತಕದಲ್ಲಿ ಇವರಿಗೆ ಜಾಗ ಎಲ್ಲಿದೆ ಅಂತ ಹುಡುಕಿದೆ. ಮುಂದಿನ ಅಧ್ಯಾಯ, ಅದರ ಮುಂದಿನದು, ಕೊನೆಯವರೆಗೂ ನೋಡಿದೆ. ನನ್ನ ಕಣ್ಣಿಗಂತೂ ಸಿಗಲಿಲ್ಲ. ಐದರಲ್ಲಿ ಒಂದು ಸ್ಟಾರ್ ಕಡಿಮೆ ಕೊಟ್ಟಿರುವುದು ಅದಕ್ಕೇ, ಮಡಚಿದ ಮೂಲೆಗಲ್ಲ.